ಪೋಷಣೆಯ ಅಳತೆಗೋಲು

ಬೌದ್ಧಿಕ ಅಸಾಮರ್ಥ್ಯವುಳ್ಳವರನ್ನು ಒಂದು ನಿಲಯದಲ್ಲಿರಿಸಿ ಪೋಷಿಸುವಾಗ, ಆ ಪೋಷಣೆಯ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಕಟ್ಟಡದಿಂದಲೊ, ವೆಚ್ಚದಿಂದಲೊ?

ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ನಗರದ ಸಮೀಪದಲ್ಲಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯೊಂದಿದ್ದಿತು. ಅಲ್ಲಿ ಇಂತಹ 24 ಮಂದಿಗೆ ಸ್ಥಳವಿದ್ದಿತು. ಒಬ್ಬೊಬ್ಬರ ಸಲುವಾಗಿಯೂ ವಾರಕ್ಕೆ ಸರಾಸರಿ 3,500 ಪೌಂಡುಗಳಷ್ಟು ಸಾರ್ವಜನಿಕ ಧನವು ಸಲ್ಲುತ್ತಿದ್ದಿತು. ಆದರೂ 2011ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ಗುಪ್ತವಾಗಿ ತೆಗೆದ ಚಿತ್ರಗಳಲ್ಲಿ ಲೋಕವು ಕಂಡುದೇನು? ಕಾಯಬೇಕಾದವರೇ ಆ ನಿವಾಸಿಗಳನ್ನು ಹೊಡೆಯುತ್ತಿದ್ದರು. ನೆಲಕ್ಕೊತ್ತಿ ಹಿಡಿದು ಅಣಕಿಸುತ್ತಿದ್ದರು. ಆ ವರ್ಷವೇ ಆಸ್ಪತ್ರೆಯನ್ನು ಮುಚ್ಚಲಾಯಿತು. 2012ರಲ್ಲಿ 11 ಮಂದಿ ನೌಕರರಿಗೆ ಶಿಕ್ಷೆಯಾಯಿತು. ಅವರಲ್ಲಿ 6 ಮಂದಿ ಸೆರೆಮನೆಯನ್ನು ಸೇರಿದರು.

ಹೊಡೆದವರ ಪಾಪವು ಸ್ಪಷ್ಟವೇ. ಆದರೆ ಅಷ್ಟಕ್ಕೇ ವಿಚಾರವು ಮುಗಿಯುವುದಿಲ್ಲ. ಅಲ್ಲಿಯ ಹಿರಿಯ ಶುಶ್ರೂಷಕನೊಬ್ಬನು ಮೊದಲೇ ಆಡಳಿತದವರಿಗೂ ಸರ್ಕಾರದ ತನಿಖಾ ಸಂಸ್ಥೆಗೂ ದೂರಿತ್ತಿದ್ದನು, ಯಾರೂ ಕಿವಿಗೊಡಲಿಲ್ಲ. ನೋಡಲು ಬಂದ ಬಂಧುಗಳಿಗೆ ಒಳಗಣ ಮಲಗುವ ಕೋಣೆಗಳವರೆಗೆ ಹೋಗಲು ಅವಕಾಶವಿರಲಿಲ್ಲ. ಹಣವನ್ನು ಕೊಟ್ಟವರು ಕೊಟ್ಟೊಡನೆ ತಮ್ಮ ಋಣವು ತೀರಿತೆಂದು ಭಾವಿಸಿದರು.

ಸಜ್ಜನರನ್ನೇ ಆರಿಸಿ ನೇಮಿಸಿದರೆ ಸಾಕಲ್ಲವೆ ಎಂದು ಕೆಲವರು ಹೇಳಬಹುದು. ಸೌಜನ್ಯವು ಬೇಕೇ ಬೇಕು. ಆದರೆ ಎದುರಿಸಲಾರದವನ ಮೇಲೆ ಪೂರ್ಣಾಧಿಕಾರವು ದೊರೆತು, ಬಾಗಿಲು ಮುಚ್ಚಿದ್ದು, ಕೇಳುವವರಾರೂ ಇಲ್ಲವಾದಾಗ ಸಜ್ಜನನ ಮನಸ್ಸೂ ದಿನದಿನಕ್ಕೆ ಕಲ್ಲಾದೀತು. ಆದುದರಿಂದ ಬಾಗಿಲು ತೆರೆದಿರುವುದು ಸಜ್ಜನರಿಗೆ ಮಾಡುವ ಅವಮಾನವಲ್ಲ. ಅವರ ಸೌಜನ್ಯಕ್ಕೆ ಕಟ್ಟಿದ ಬೇಲಿ.

ತನ್ನ ನೋವನ್ನು ಸರಿಯಾಗಿ ಹೇಳಲಾರದವನ ಬಳಿಯಲ್ಲಿ ಕುಳಿತು, ತಾಳ್ಮೆಯಿಂದ ಕೇಳಿ, ಕೇಳಿದುದನ್ನು ನಂಬುವವರು ಅಲ್ಲಿರುವರೆ? ಪೋಷಣೆಯನ್ನು ಅಳೆಯತಕ್ಕ ಕೋಲು ಇದೊಂದೇ.