ಇಂದಿನ ಧಮ್ಮ ಚಿಂತನೆ: ಯಾವುದನ್ನು ಬಿಡಬೇಕು?

 



ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವರನ್ನು ನಾವು ಮೆಚ್ಚುವುದಿಲ್ಲ. ಹಾಗಾದರೆ ನೋಡಲು ಶುರು ಮಾಡಿದ ಧಾರಾವಾಹಿಯನ್ನು ನಡುವೆ ಬಿಡುವುದೂ ತಪ್ಪೇ?

ನೆಟ್‌ಫ್ಲಿಕ್ಸ್‌ನ ‘ಹೌಸ್ ಆಫ್ ಕಾರ್ಡ್ಸ್’ ಅಮೆರಿಕದ ರಾಜಕಾರಣದ ಕಥೆ. 2013ರಿಂದ 2018ರವರೆಗೆ 6 ಸೀಸನ್, 73 ಕಂತು. ಮಂತ್ರಿ ಪದವಿ ಕೈತಪ್ಪಿದ ಸಂಸದ ಫ್ರಾಂಕ್ ಅಂಡರ್‌ವುಡ್ ಸಂಚು, ಬೆದರಿಕೆ, ಕೊಲೆಗಳ ಮೂಲಕ ಮೇಲೇರಿ, ಎರಡನೇ ಸೀಸನ್ ಮುಗಿಯುವಾಗ ಅಧ್ಯಕ್ಷ ಚುನಾವಣೆಗೆ ನಿಲ್ಲದೆಯೇ ಅಧ್ಯಕ್ಷನಾಗುತ್ತಾನೆ. ಅಧಿಕಾರ ಮನುಷ್ಯನನ್ನು ಏನು ಮಾಡುತ್ತದೆ ಎಂದು ತೋರಿಸಬಹುದಿದ್ದ ಕಥೆ ಆಮೇಲೆ ಒಂದು ಸಂಚಿನಿಂದ ಇನ್ನೊಂದು ಸಂಚಿಗೆ ಸುತ್ತುತ್ತದೆ. ಮೂರನೇ ಸೀಸನ್ನಿನಲ್ಲಿ ನಾನು ನಿಲ್ಲಿಸಿದೆ.

ಫ್ರಾಂಕ್ ಆಗಾಗ ಕ್ಯಾಮೆರಾದತ್ತ ತಿರುಗಿ ನಮ್ಮೊಡನೆಯೇ ಮಾತಾಡುತ್ತಾನೆ. ಅವನ ಗುಟ್ಟು ನಮಗೆ ಗೊತ್ತೆಂಬ ಖುಷಿಯಲ್ಲಿ, ಅವನು ಸಿಕ್ಕಿಬೀಳಬಾರದೆಂದು ನಾವೇ ಬಯಸತೊಡಗುತ್ತೇವೆ. ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ. ಮೊಬೈಲ್ ಪರದೆಯ ಮುಂದೆಯೂ ಇದೇ ನಿಯಮ. ಫ್ರೆಡ್ಡಿ ಎಂಬ ಕಪ್ಪು ಜನಾಂಗದವನ ಪುಟ್ಟ ಹೋಟೆಲಿನಲ್ಲಿ ಫ್ರಾಂಕ್ ಗೆಳೆಯನಂತೆ ಕೂತು ಉಣ್ಣುತ್ತಾನೆ. ಅವನಿಗೆ ಕಷ್ಟ ಬಂದಾಗ ತನ್ನ ಕುರ್ಚಿಗಾಗಿ ಕೈಬಿಡುತ್ತಾನೆ. ಫ್ರೆಡ್ಡಿಯ ಹೋಟೆಲು ಹೋಗುತ್ತದೆ. ಆಗಲೂ ನಮ್ಮ ಕಣ್ಣು ಕುರ್ಚಿಯ ಮೇಲೆಯೇ!

ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನಕ್ಕೆ ನಾಲ್ಕು ಭಾಗ: ಹುಟ್ಟದ ಅಕುಶಲವನ್ನು ತಡೆಯುವುದು, ಹುಟ್ಟಿದ ಅಕುಶಲವನ್ನು ಬಿಡುವುದು, ಹುಟ್ಟದ ಕುಶಲವನ್ನು ಹುಟ್ಟಿಸುವುದು, ಹುಟ್ಟಿದ ಕುಶಲವನ್ನು ಬೆಳೆಸುವುದು. ಬಿಡುವುದೂ ಪ್ರಯತ್ನವೇ. ‘ಇಷ್ಟು ಗಂಟೆ ನೋಡಿಯಾಗಿದೆ, ಮುಗಿಸಲೇಬೇಕು’ ಎನ್ನುವುದು ಬರೀ ಅಂಟು.

ಆದರೆ ಒಂದು ಎಚ್ಚರ. ಧಾರಾವಾಹಿ ಬಿಟ್ಟ ಮೇಲೂ ಅದರ ಪಾಠ ಮನಸ್ಸಿನಲ್ಲಿ ಉಳಿಯಬಹುದು: ‘ರಾಜಕಾರಣ ಅಂದರೆ ಇಷ್ಟೇ, ಎಲ್ಲರೂ ಕಳ್ಳರೇ.’ ಉಳ್ಳವರಿಗೆ ಈ ಮಾತಿನಿಂದ ನಷ್ಟವಿಲ್ಲ, ನಮಗಿದೆ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದೂ ರಾಜಕಾರಣವೇ. ನಮ್ಮ ಕೈಗೆ ಮತ ಬಂದದ್ದೂ ರಾಜಕಾರಣದಿಂದಲೇ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ರಾಜಕೀಯವನ್ನೇ ಬಿಡಿ ಎನ್ನಲಿಲ್ಲ. ರಾಜಕೀಯ ಪ್ರಜಾಪ್ರಭುತ್ವವನ್ನು ಸಾಮಾಜಿಕ ಪ್ರಜಾಪ್ರಭುತ್ವವಾಗಿ ಬೆಳೆಸಬೇಕು ಎಂದರು.

ಫ್ರಾಂಕ್‌ನ ಕಥೆ ಬಿಡೋಣ. ನಮ್ಮೂರಿನ ಗ್ರಾಮಸಭೆ ಬಿಡುವುದು ಬೇಡ.

ಇಂದಿನ ಅಭ್ಯಾಸ: ಇವತ್ತು ಪರದೆಯಿಂದ ಉಳಿಸಿದ ಒಂದು ಗಂಟೆಯಲ್ಲಿ ಯಾವ ಕುಶಲ ಕೆಲಸ ಮಾಡಿದಿರಿ? ರಾತ್ರಿ ಗುಂಪಿನಲ್ಲಿ ಒಂದು ಸಾಲು ಬರೆಯಿರಿ.

ಭವತು ಸಬ್ಬ ಮಂಗಲಂ 🙏