ಜೋಳಿಗೆ ಮತ್ತು ಅರ್ಜಿ

ಬೆಂಗಳೂರಿನಲ್ಲಿ ಸ್ವಂತ ಫ್ಲ್ಯಾಟ್ ಮಾಡಿಕೊಂಡವರು ಒಮ್ಮೆ ನಿಮ್ಮ ಆಸ್ತಿ ತೆರಿಗೆಯ ಲೆಕ್ಕ ಬಿಡಿಸಿ ನೋಡಿ. ಸೆಸ್ ಅಂತ ಒಂದು ಮೊತ್ತ ಇರುತ್ತದಲ್ಲ, ಅದರೊಳಗೆ ಗ್ರಂಥಾಲಯದ ಪಾಲಿದೆ, ಆರೋಗ್ಯದ ಪಾಲಿದೆ, ಭಿಕ್ಷುಕರ ಪಾಲೂ ಇದೆ. ತೆರಿಗೆಯ ನೂರು ರೂಪಾಯಿಗೆ ಮೂರು ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ, ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ದಾಟಿಸಬೇಕು. ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಳ್ಳುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ, ಅದು ಬೇರೆ ಮಾತು. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸುವ ನಾವು ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ಕೂತು ಇದನ್ನ ಕಟ್ಟಿರುತ್ತೇವೆ. ಗೊತ್ತಿರೋದಿಲ್ಲ ಅಷ್ಟೇ.

ಈಗ ಹೇಳಿ, ನೀವು ಕೊಟ್ಟಿದ್ದು ಭಿಕ್ಷೆಯೋ, ತೆರಿಗೆಯೋ? ಆ ದುಡ್ಡಿನಲ್ಲಿ ಯಾರಿಗೋ ಒಂದು ಹಾಸಿಗೆ ಸಿಕ್ಕರೆ ಆತ ನಿಮಗೆ ಕೈ ಮುಗಿಯಬೇಕೋ ಬೇಡವೋ?

ಈ ಪ್ರಶ್ನೆ ನನ್ನ ತಲೆಗೆ ಹತ್ತಿಸಿದ್ದು ನಮ್ಮ ಕಾಕಾ. ಬಾದಾಮಿ ಸೀಮೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದ ಮನುಷ್ಯ. 2022ರ ಚಳಿಗಾಲದಲ್ಲಿ ನಮ್ಮ ಕಡೆಯ ಒಂದು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ರಾತ್ರೋರಾತ್ರಿ ತೀರಿಕೊಂಡ. ಎರಡು ವರ್ಷದಿಂದ ಅಲ್ಲೇ ಮಲಗುತ್ತಿದ್ದ, ಎದುರಿನ ಖಾನಾವಳಿಯವರು ದಿನಾ ಊಟ ಕೊಡುತ್ತಿದ್ದರು. ಪಂಚನಾಮೆ ಮಾಡುವಾಗ ಪೊಲೀಸರು ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ! ಎರಡು ವರ್ಷ ಅನ್ನ ಹಾಕಿದವರಿಗೂ ಗೊತ್ತಿಲ್ಲ. ಆ ಮೇಲೆ ಕಾಕಾ, ಖಾನಾವಳಿಯವರು, ಒಬ್ಬ ಔಷಧ ಅಂಗಡಿಯವರು, ನಾಲ್ಕು ಕಾಲೇಜು ಹುಡುಗರು ಕೂಡಿ ರಾತ್ರಿ ತಂಗುದಾಣ ಒಂದನ್ನು ಮಾಡಬೇಕು ಅಂತ ಹೊರಟರು. ಇಂಗ್ಲಿಷು, ಎಕ್ಸೆಲ್ಲು ಬರುತ್ತದೆಂದು ನನ್ನನ್ನೂ ಫೋನಿನಲ್ಲಿ ಸೇರಿಸಿಕೊಂಡರು.

ನಾನು ಮೊದಲು ಹೇಳಿದ್ದೇ ಸರಕಾರಕ್ಕೆ ಅರ್ಜಿ ಹಾಕೋಣ ಅಂತ. ಕಾಕಾ ಸಿಟ್ಟಾದ.

"ಅಲ್ಲೋ ತಮ್ಮಾ, ಊರಾಗ ಜೋಳಿಗಿ ಹಿಡದ್ರ ಎರಡ ದಿನದಾಗ ರೊಕ್ಕ ಕೂಡತೈತಿ. ಸರಕಾರದ ಮುಂದ ಯಾಕ ಕೈ ಒಡ್ಡೂದು?"

ಕಾಕಾನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಸೀಮೆಯಲ್ಲಿ ಜೋಳಿಗೆ ಅಂದರೆ ದೊಡ್ಡ ಮಾತು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ ಕಟ್ಟಿದ್ದು ಭಕ್ತರ ಕಾಣಿಕೆಯಿಂದ. ಕಣ್ಣಿಲ್ಲದ ಗದಿಗೆಯ್ಯ ಎಂಬ ಹುಡುಗನಿಗೆ ಸಂಗೀತ ಕಲಿಸಿ ಪಂಚಾಕ್ಷರಿ ಗವಾಯಿಗಳನ್ನಾಗಿ ಮಾಡಿದವರು ಅವರೇ. ಆ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಅಂಧ ಮತ್ತು ಅನಾಥ ಮಕ್ಕಳನ್ನು ಕಟ್ಟಿಕೊಂಡು ನಾಟಕ ಕಂಪನಿ ನಡೆಸಿ, ಅದರ ಗಳಿಕೆಯಲ್ಲಿ ಆ ಮಕ್ಕಳ ಹೊಟ್ಟೆ ತುಂಬಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಂತಿರುವುದು ಅದರ ಮೇಲೆ. ಮುಂದೆ ಪುಟ್ಟರಾಜರನ್ನು ಊರೂರು ಕರೆದು ತುಲಾಭಾರ ಮಾಡಿದರು, ನಾಣ್ಯವೆಲ್ಲ ಆಶ್ರಮಕ್ಕೆ ಹೋಯಿತು. ಇತ್ತ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಬೇಡಿದ್ದು ದುಡ್ಡನ್ನಲ್ಲ, ಕುಡಿತ, ಗುಟ್ಕಾ, ತಂಬಾಕಿನ ಚಟಗಳನ್ನು! ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ.

ಇಂಥ ನೆಲದಲ್ಲಿ ಬೆಳೆದವನಿಗೆ ಅರ್ಜಿಯ ಫಾರ್ಮು ಸಣ್ಣದಾಗಿ ಕಾಣುವುದು ಸಹಜ. ಮಠದ ಪಂಕ್ತಿಯಲ್ಲಿ ಕೂತವನನ್ನು ನೀ ಯಾರು, ನಿನ್ನ ಉತ್ಪನ್ನ ಎಷ್ಟು, ಆಧಾರ್ ಕಾರ್ಡ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಎಲೆ ಹಾಕುತ್ತಾರೆ, ಬಡಿಸುತ್ತಾರೆ. ದಾಸೋಹದಲ್ಲಿ ಕೊಡುವವನೇ ದಾಸ, ಉಣ್ಣುವವನು ತಲೆ ತಗ್ಗಿಸಬೇಕಾಗಿಲ್ಲ. ಇದಕ್ಕಿಂತ ಮರ್ಯಾದೆಯ ವ್ಯವಸ್ಥೆಯನ್ನು ಯಾವ ಇಲಾಖೆಯೂ ಇನ್ನೂ ಮಾಡಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಒಂದು ಕೊಕ್ಕೆ ಇದೆ. ನಾನು ಮೇಲೆ ಹೇಳಿದ ಕಾಯ್ದೆ, ಧಾರ್ಮಿಕ ವ್ರತ ಅಥವಾ ಸಂಪ್ರದಾಯಕ್ಕಾಗಿ ಭಿಕ್ಷೆ ಎತ್ತುವವರನ್ನು ಹೊರಗಿಡುತ್ತದೆ. ಅಂದರೆ ಸ್ವಾಮಿಗಳ ಕೈಯಲ್ಲಿ ಜೋಳಿಗೆ ಇದ್ದರೆ ಅದು ಪುಣ್ಯದ ಕೆಲಸ. ಅದೇ ಚೀಲ ಬಸ್‌ಸ್ಟ್ಯಾಂಡಿನ ಮುದುಕನ ಕೈಯಲ್ಲಿದ್ದರೆ ಹಿಡಿದು ವ್ಯಾನಿಗೆ ಹಾಕಬಹುದಾದ ಅಪರಾಧ. ಪರರಿಗಾಗಿ ಬೇಡುವುದು ದೊಡ್ಡದು, ತನಗಾಗಿ ಬೇಡುವುದು ಕೀಳು ಅಂತ ನಾವೆಲ್ಲ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೇವೆ, ಕಾನೂನು ಬರೆದಿಟ್ಟಿದೆ ಅಷ್ಟೇ. ಹಾಗಾದರೆ ತನಗೇ ಬೇಕಾದವನು ಏನು ಮಾಡಬೇಕು? ಯಾರಾದರೂ ದೊಡ್ಡವರು ತನ್ನ ಪರವಾಗಿ ಬೇಡಲಿ ಅಂತ ಕಾಯಬೇಕಾ?

ಕಾಕಾನಿಗೆ ನಾನು ಹೊಳೆ ಬಂದ ವರ್ಷ ನೆನಪಿಸಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ನಿಂತಿದ್ದು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ತುರ್ತು ಪರಿಹಾರ ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಅಂತ ಸರಕಾರ ಹೇಳಿತು. ಆಗ ಊರಿಗೆ ಊರೇ ಪಾಳಿ ಹಚ್ಚಿತ್ತು. ಇಪ್ಪತ್ತು ಎಕರೆ ಕಬ್ಬಿನ ಸಾಹುಕಾರರೂ ಪಾಳಿಯಲ್ಲಿದ್ದರು, ಅವರ ಹೊಲದ ಆಳೂ ಇದ್ದ. 2009ರ ನೆರೆಯ ನಂತರ ಆಸರೆ ಯೋಜನೆಯ ಮನೆ ತಗೊಂಡಾಗಲೂ ಹಾಗೇ. ಒಬ್ಬರಾದರೂ "ಸರಕಾರದ ಮುಂದ ಕೈ ಒಡ್ಡೂದು ಹೆಂಗ" ಅಂದಿದ್ದು ನನಗೆ ನೆನಪಿಲ್ಲ. ಕೊಡದಿದ್ದರೆ ತಹಶೀಲ್ದಾರ ಕಚೇರಿ ಮುಂದೆ ಧರಣಿ ಕೂಡುತ್ತಿದ್ದರು.

ಅಂದಮೇಲೆ ಕೇಳುವುದರಲ್ಲಿ ನಾಚಿಕೆ ಇಲ್ಲ, ಯಾರ ಜೊತೆ ನಿಂತು ಕೇಳುತ್ತೇವೆ ಅನ್ನೋದರಲ್ಲಿ ಇದೆ. ಹೊಳೆ ಮನೆ ಕೆಡವಿದರೆ ಅದು ಹಕ್ಕು. ಮಗ ಹೊರಗೆ ಹಾಕಿದರೆ, ಕೆಲಸ ತಪ್ಪಿದರೆ, ತಲೆ ಕೆಟ್ಟರೆ, ಆಗ ಅದು ಭಿಕ್ಷೆ. ಎರಡೂ ಕಡೆ ಆಕಾಶದ ಕೆಳಗೆ ಮಲಗಿದ ಮನುಷ್ಯ ಒಬ್ಬನೇ.

ಕಾಕಾ ಸುಮ್ಮನಾದ. ಒಪ್ಪಿದ ಅಂತ ಅಲ್ಲ. "ಹಾಕಿ ನೋಡೂಣು" ಅಂದ.

ಆಗ ಜಾರಿಯಲ್ಲಿದ್ದದ್ದು ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್. 2013ರಲ್ಲಿ ಶುರುವಾದ ಈ ಮಿಷನ್ ಒಳಗೆ ನಗರ ವಸತಿರಹಿತರಿಗೆ ಆಶ್ರಯ ಅನ್ನುವ ಭಾಗ ಇತ್ತು. ಅದರ ಹಿಂದೆ ಸುಪ್ರೀಂ ಕೋರ್ಟಿನ ಒತ್ತಡವೂ ಇತ್ತು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2010ರಲ್ಲೇ ಕೋರ್ಟು ರಾಜ್ಯಗಳಿಗೆ ಇಪ್ಪತ್ನಾಲ್ಕು ತಾಸೂ ತೆರೆದಿರುವ ಆಶ್ರಯಗಳನ್ನು ಮಾಡಿ ಅಂದಿತ್ತು. ಮಿಷನ್ನಿನ ಮಾರ್ಗಸೂಚಿ ಓದಿದರೆ, ಸತ್ಯ ಹೇಳ್ತೀನಿ, ಯಾರೋ ಮನಸ್ಸಿಟ್ಟು ಬರೆದದ್ದು ಅನಿಸುತ್ತದೆ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಜಾಗ, ಒಬ್ಬರಿಗೆ ಐವತ್ತು ಚದರ ಅಡಿ, ನೀರು, ಶೌಚಾಲಯ, ಅಡುಗೆಮನೆ. ಜೊತೆಗೆ ಅಲ್ಲಿ ಇರುವವರಿಗೆ ರೇಷನ್ ಕಾರ್ಡು, ಪಿಂಚಣಿ, ಆಸ್ಪತ್ರೆ, ಮಕ್ಕಳ ಶಾಲೆ ಇವೆಲ್ಲ ಕೊಡಿಸುವ ಜವಾಬ್ದಾರಿ. ಕಟ್ಟುವ ಖರ್ಚಲ್ಲದೆ ನಡೆಸುವ ಖರ್ಚೂ ಇತ್ತು. ಹಣ ಕೆಲವು ರಾಜ್ಯಗಳಲ್ಲಿ ಖರ್ಚಾಗದೆ ಕೊಳೆಯುತ್ತಿದೆ ಅಂತ 2016ರ ನಂತರ ಅದೇ ಸುಪ್ರೀಂ ಕೋರ್ಟು ಬೈದದ್ದೂ ಉಂಟು.

ಆದರೆ ಮೊದಲು ಎಣಿಸಬೇಕು. ನಿಮ್ಮ ಊರಲ್ಲಿ ವಸತಿರಹಿತರು ಎಷ್ಟು ಜನ?

2011ರ ಜನಗಣತಿ ಫೆಬ್ರವರಿ 28ರ ಒಂದೇ ರಾತ್ರಿ ಇವರನ್ನು ಎಣಿಸಿತು. ದೇಶದಲ್ಲಿ ಹದಿನೇಳು ಮುಕ್ಕಾಲು ಲಕ್ಷ ಅಂತ ಬಂತು. ರಸ್ತೆ ಬದಿ, ಫ್ಲೈಓವರ್ ಕೆಳಗೆ, ಪೈಪಿನೊಳಗೆ, ರೈಲು ಪ್ಲಾಟ್‌ಫಾರ್ಮಿನಲ್ಲಿ, ಗುಡಿಯ ಬಯಲಲ್ಲಿ, ಮಂಟಪದಲ್ಲಿ ಇರುವವರು ಅಂತ ಅದರ ವ್ಯಾಖ್ಯೆ. ನಮ್ಮ ಹುಡುಗರು ನಕ್ಕರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬಂದರೆ ಹೊಂಡದ ಸುತ್ತಿನ ಮಂಟಪದಿಂದ ಹಿಡಿದು ನಾಟಕದ ಟೆಂಟಿನವರೆಗೆ ಸಾವಿರಾರು ಮಂದಿ ಬಯಲಲ್ಲೇ ಮಲಗಿರುತ್ತಾರೆ. ಅವರಿಗೂ ಇವರಿಗೂ ಏನು ವ್ಯತ್ಯಾಸ? ಅವರು ನಾಳೆ ಎತ್ತಿನ ಗಾಡಿಯೋ ಬಸ್ಸೋ ಹತ್ತಿ ಹೋಗುತ್ತಾರೆ, ಇವರಿಗೆ ಹತ್ತಲಿಕ್ಕೆ ಬಸ್ಸಿಲ್ಲ.

ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಹೊರಟೆವು. ಅವತ್ತು ನಾನೂ ಊರಲ್ಲಿದ್ದೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೌದಿ ಹೊದ್ದು ಒಬ್ಬ ಅಜ್ಜಿ ಕೂತಿದ್ದಳು.

"ಮನಿ ಐತೇನ ಯವ್ವಾ?" ಕಾಕಾ ಕೇಳಿದ.

"ಐತ್ರಿ, ಯಾಕಿಲ್ಲ? ಮನಿ ಐತಿ, ಅದರಾಗ ನಾ ಇಲ್ಲ."

ನನ್ನ ಶೀಟಿನಲ್ಲಿ ಮನೆ ಅನ್ನುವ ಕಾಲಮ್ಮಿಗೆ ಎರಡೇ ಉತ್ತರ ಇತ್ತು, ಹೌದು ಅಥವಾ ಇಲ್ಲ. ಕೋಡ್ ಬರೆಯುವ ನನಗೆ ಇಂಥ ಕಾಲಮ್ ಹೊಸದಲ್ಲ. ಅಜ್ಜಿಯ ಉತ್ತರಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಮುಂದೆ ಹೆಸರು ಕೇಳಿದಾಗ ಆಕೆ ಕೌದಿ ಮುಖದ ಮೇಲೆ ಎಳೆದುಕೊಂಡಳು. "ಹೆಸರ ಬರೀಬ್ಯಾಡ್ರಿ ಯಪ್ಪಾ. ಮಗಗ ತಿಳದ್ರ ಅವನ ಮಾನ ಹೋಗತೈತಿ."

ಹೊರಗೆ ಹಾಕಿದ ಮಗನ ಮಾನ ಕಾಯಲಿಕ್ಕೆ ಆಕೆ ಲೆಕ್ಕಕ್ಕೇ ಸಿಗದೆ ಉಳಿಯಲು ತಯಾರಿದ್ದಳು. ಕಾಕಾ ನನ್ನ ಕಡೆ ತಿರುಗಿದ. "ನೋಡಿದ್ಯಾ? ಇದಕ್ಕ ಹೇಳಿದ್ದು. ಮಠದಾಗ ಹೆಸರ ಕೇಳಂಗಿಲ್ಲ."

ಅವನ ಮಾತು ಸರಿ ಇತ್ತು. ಆದರೂ ನನಗೆ ಪಂಚನಾಮೆಯ ಮುದುಕ ನೆನಪಾದ. ಹೆಸರು ಕೇಳದಿರುವುದು ದೊಡ್ಡ ಗುಣ, ಹೌದು. ಆದರೆ ಹೆಸರು ಕೇಳದ ಪಂಕ್ತಿಯಲ್ಲಿ ಯಾರೂ ಗೈರುಹಾಜರಾಗುವುದೂ ಇಲ್ಲ. ನಾಳೆ ಅಜ್ಜಿ ಊಟಕ್ಕೆ ಬರದಿದ್ದರೆ ಒಂದು ಎಲೆ ಕಡಿಮೆ ಆಗುತ್ತದೆ, ಅಷ್ಟೇ. ಯಾಕೆ ಬರಲಿಲ್ಲ ಅಂತ ಕೇಳುವ ಕೆಲಸ ಯಾರದೂ ಅಲ್ಲ.

ಇದಕ್ಕೆ ಎದುರುವಾದವೂ ಇದೆ, ಮುಚ್ಚಿಡೋದಿಲ್ಲ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತರು. ಅದು ಸರಕಾರದ್ದೇ ಜಾಗ, ರಿಜಿಸ್ಟರು ಇತ್ತು, ನಮ್ಮ ಮೂರು ರೂಪಾಯಿಯೂ ಇತ್ತು. ಹೆಸರು ಬರೆದ ಮಾತ್ರಕ್ಕೆ ಜೀವ ಉಳಿಯೋದಿಲ್ಲ. ಆದರೆ ಅವತ್ತು ಪೇಪರಿನವರು, ವಿರೋಧ ಪಕ್ಷದವರು ಎಲ್ಲ ಹೋಗಿ ಲೆಕ್ಕ ಕೇಳಿದರು, ಊಟ ಏನು ಹಾಕಿದ್ರಿ, ಡಾಕ್ಟರು ಎಲ್ಲಿದ್ದರು ಅಂತ. ಯಾಕೆ ಕೇಳಲು ಆಯಿತು? ಉತ್ತರ ಕೊಡಬೇಕಾದವರು ಯಾರು ಅಂತ ಗೊತ್ತಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಸಾವಿಗೆ ಯಾರನ್ನು ಕೇಳುವುದು? ಎರಡು ವರ್ಷ ಪುಕ್ಕಟೆ ಊಟ ಕೊಟ್ಟ ಖಾನಾವಳಿಯವರನ್ನಾ? ಅವರು ಮಾಡಿದ್ದೇ ಹೆಚ್ಚು.

ದಾನ ಕೊಟ್ಟವನನ್ನು ಪ್ರಶ್ನೆ ಕೇಳಲಾಗದು, ತೆರಿಗೆ ತಗೊಂಡವನನ್ನು ಕೇಳಬಹುದು. ನಾನು ಅರ್ಜಿಯ ಪರ ಇರೋದು ಇಷ್ಟಕ್ಕೇ. ದುಡ್ಡಿನ ಮಾತೇ ಆಗಿದ್ದರೆ ಕಾಕಾನ ಜೋಳಿಗೆಯೇ ವಾಸಿ, ಬೇಗ ತುಂಬುತ್ತದೆ.

ಅಜ್ಜಿ ಕಡೆಗೆ ಒಂದು ಹೆಸರು ಹೇಳಿದಳು. ತವರುಮನೆಯ ಹೆಸರು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಮದುವೆಯಾದ ಮೇಲೆ ಗಂಡನ ಮನೆಯವರು ಸೊಸೆಗೆ ಬೇರೆ ಹೆಸರಿಡುತ್ತಾರೆ. ಐವತ್ತು ವರ್ಷ ಯಾರೂ ಕರೆಯದ, ಮಗನಿಗೂ ತಿಳಿಯದ ಆ ಹೆಸರನ್ನು ನಾವು ಪಟ್ಟಿಗೆ ಬರೆದುಕೊಂಡೆವು. ಅದು ಯಾವ ಕಾರ್ಡಿನಲ್ಲೂ ಇಲ್ಲ, ಪಿಂಚಣಿಗೆ ಉಪಯೋಗವಿಲ್ಲ. ಆದರೆ ಕರೆದರೆ ತಿರುಗಿ ನೋಡುತ್ತಾಳೆ. ಆ ರಾತ್ರಿ ಪಟ್ಟಿಯಲ್ಲಿ ಮೂವತ್ತೊಂದು ಹೆಸರಾದವು.

ಮುಂದಿನದ್ದನ್ನು ಬೇಗ ಹೇಳಿಬಿಡ್ತೀನಿ, ನಿಮಗೂ ಕಲ್ಪಿಸಿಕೊಳ್ಳಲು ಕಷ್ಟವಿಲ್ಲ. ಠರಾವು ಬೇಕು ಅಂದರು, ಜಾಗದ ಉತಾರ ಬೇಕು ಅಂದರು, ಲೆಕ್ಕಪರಿಶೋಧನೆಯಾದ ಸಂಸ್ಥೆ ಬೇಕು ಅಂದರು. ಒಂದು ಕಚೇರಿಯಲ್ಲಿ ಫೈಲು ಎಂಟು ತಿಂಗಳು ಕೂತಿತು. ಅಷ್ಟರಲ್ಲಿ 2024ರ ಸೆಪ್ಟೆಂಬರಿಗೆ ಮಿಷನ್ನಿನ ಅವಧಿಯೇ ಮುಗಿಯಿತು. ಕಾಕಾನ ಕೈಗೆ ಇದಕ್ಕಿಂತ ದೊಡ್ಡ ಕೋಲು ಬೇಕಿರಲಿಲ್ಲ. "1909ರಾಗ ಹಚ್ಚಿದ ಒಲಿ ಇನ್ನೂ ಉರೀತೈತಿ, ನಿಮ್ಮ ಮಿಷನ್ ಹನ್ನೊಂದ ವರ್ಷಕ್ಕ ಆರಿತು" ಅಂದ. ನಾನು ಏನು ಹೇಳಲಿ? ಸರಕಾರ ಯೋಜನೆಯ ಹೆಸರು ಬದಲಿಸಬಹುದು, ಜವಾಬ್ದಾರಿ ಬದಲಾಗಲ್ಲ ಅಂದೆ. ಹೇಳುವಾಗ ನನ್ನ ದನಿಯಲ್ಲೇ ಅಷ್ಟು ಜೋರು ಇರಲಿಲ್ಲ.

ಸದ್ಯಕ್ಕೆ ಔಷಧ ಅಂಗಡಿಯವರ ಹಳೇ ಗೋದಾಮಿನಲ್ಲಿ ಹನ್ನೆರಡು ಮಂದಿ ಮಲಗುತ್ತಾರೆ. ಜೋಳಿಗೆಯ ದುಡ್ಡು. ಒಂದು ಹಾಜರಿ ಪುಸ್ತಕ ಇಟ್ಟಿದ್ದಾರೆ, ಅದು ನನ್ನ ಹಠ. ಎರಡು ದಿನ ಬರದವರನ್ನು ಹುಡುಗರು ಹುಡುಕಿಕೊಂಡು ಹೋಗುತ್ತಾರೆ.

ಕಳೆದ ತಿಂಗಳು ಮತ್ತೊಂದು ಅರ್ಜಿ ತಯಾರಾಯಿತು, ಈ ಸಲ ಸ್ಥಳೀಯ ಸಂಸ್ಥೆಯ ಸ್ವಂತ ನಿಧಿಯಿಂದ ಕೊಡಿ ಅಂತ. ಕಾಕಾ ತಾನೇ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಮಾಸ್ತರ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಕೊನೆಗೆ "ತಾವು ಕೃಪೆಯಿಟ್ಟು ಸಹಾಯಧನ ದಯಪಾಲಿಸಬೇಕೆಂದು ತಮ್ಮಲ್ಲಿ ಪ್ರಾರ್ಥನೆ" ಅಂತಿತ್ತು. ಶಾಲೆಯಲ್ಲಿ ರಜೆ ಚೀಟಿ ಬರೆಯುವಾಗಿಂದ ನಮಗೆಲ್ಲ ಕಲಿಸಿದ್ದು ಇದೇ ಅಲ್ಲವಾ? ಕನ್ನಡದಲ್ಲಿ ಅರ್ಜಿ ಅಂದರೆ ಬೇಡುವುದು ಅಂತಲೇ ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ. ನಾನು ಆ ಸಾಲು ಹೊಡೆದು, "ನಿಯಮದಂತೆ ಅನುದಾನ ಮಂಜೂರು ಮಾಡಬೇಕು" ಅಂತ ಟೈಪ್ ಮಾಡಿ ಕಳಿಸಿದೆ.

"ಸೊಕ್ಕಿನ ಮಾತ ಆತು" ಅಂತ ಉತ್ತರ ಬಂತು. ಮರುದಿನ ಅವನು ಕೊಟ್ಟುಬಂದ ಪ್ರತಿಯಲ್ಲಿ ನನ್ನ ಸಾಲೂ ಇತ್ತು, ಅದರ ಕೆಳಗೆ ಪೆನ್ನಿನಲ್ಲಿ ಅವನ ಪ್ರಾರ್ಥನೆಯೂ ಇತ್ತು.