ತಿದ್ದುವ ಹಕ್ಕು

ತಲೆಮಾರುಗಳಿಂದ ಜನ ಹಾಡಿಕೊಂಡು ಬಂದ ಹಾಡಿನಲ್ಲಿ ಛಂದಸ್ಸು ತಪ್ಪಿದ್ದರೆ ಅದನ್ನು ತಿದ್ದಬಹುದೇ?

ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲಕ್ಕೆ ಅಡ್ವೆಂಟ್ ಎಂದು ಹೆಸರು. ಆ ದಿನಗಳ ಸಂಜೆಯ ಪ್ರಾರ್ಥನೆಗೆಂದು ಮಧ್ಯಯುಗದ ಯುರೋಪಿನ ಮಠಗಳಲ್ಲಿ ಹಾಡುತ್ತಿದ್ದ ಲ್ಯಾಟಿನ್ ಸ್ತೋತ್ರ 'ಕೊಂಡಿಟೊರ್ ಆಲ್ಮೆ ಸಿಡೆರುಮ್'. ಬರೆದವರು ಯಾರೋ ತಿಳಿಯದು. ನಕ್ಷತ್ರಗಳನ್ನು ಸೃಷ್ಟಿಸಿದವನನ್ನು ಕರೆಯುತ್ತಾ, ಲೋಕಕ್ಕೇ ಸಂಜೆಯಾದಾಗ ಅವನು ಬಂದನೆಂದು ಅದು ಹೇಳುತ್ತದೆ.

1632ರಲ್ಲಿ ಪೋಪ್ ಎಂಟನೆಯ ಅರ್ಬನ್ ಪ್ರಾರ್ಥನಾ ಗ್ರಂಥದ ಸ್ತೋತ್ರಗಳನ್ನು ಪರಿಷ್ಕರಿಸಿ ಹೊರತಂದ. ಸ್ವತಃ ಲ್ಯಾಟಿನ್ ಕವಿ ಆತ. ಕೆಲಸ ಮಾಡಿದವರು ಜೆಸ್ಯೂಟ್ ಪಂಡಿತರು. ಪ್ರಾಚೀನ ರೋಮನ್ ಕವಿಗಳ ಲಘು-ಗುರು ಲೆಕ್ಕವೇ ಅವರಿಗೆ ಪ್ರಮಾಣ. ಸಾಲಿನ ಎರಡನೆಯ ಅಕ್ಷರ ಗುರುವಾಗಬೇಕು. 'ಕೊಂಡಿಟೊರ್' ಪದದಲ್ಲಿ ಅದು ಲಘು. ಹಾಗಾಗಿ ಆ ಪದ ಹೋಗಿ 'ಕ್ರೆಯಾಟೊರ್' ಬಂತು. ಎರಡಕ್ಕೂ ಅರ್ಥ ಸೃಷ್ಟಿಕರ್ತ ಎಂದೇ. ಆದರೆ ತಿದ್ದುಪಡಿ ಅಲ್ಲಿಗೆ ನಿಲ್ಲಲಿಲ್ಲ. ಕೊನೆಗೆ ಇಡೀ ಸ್ತೋತ್ರದಲ್ಲಿ ಬದಲಾಗದೆ ಉಳಿದದ್ದು ಒಂದೇ ಸಾಲು.

ಆ ಪಂಡಿತರನ್ನು ಹಳಿಯುವುದು ಸುಲಭ. ಹಸ್ತಪ್ರತಿಗಳ ಪಾಠಾಂತರ ನೋಡುತ್ತಾ ಕೂರುವ ನನಗೆ ಅದು ಅಷ್ಟು ಸುಲಭವಲ್ಲ. ಸರಿಯಾದ ರೂಪ ಕಣ್ಣಿಗೆ ಹೊಳೆದಾಗ ಕೈ ತಾನಾಗಿಯೇ ಪೆನ್ಸಿಲಿಗೆ ಹೋಗುತ್ತದೆ. ಅವರದೂ ಭಕ್ತಿಯೇ: ದೇವರಿಗೆ ಕುಂಟುವ ಪದ್ಯ ಯಾಕೆ ಅರ್ಪಿಸಬೇಕು? ಅವರು ಎಡವಿದ್ದು ಬೇರೆ ಕಡೆ. ಹಳೆಯ ಕವಿ ನಿಯಮ ಮುರಿದಿರಲಿಲ್ಲ; ಅವನ ಕಾಲದ ಕಿವಿಗೆ ಪದದ ಒತ್ತೇ ಲಯವಾಗಿತ್ತು. ತಮ್ಮ ಅಭಿರುಚಿಗೆ ಹೊಂದದ್ದನ್ನು ಅವರು ತಪ್ಪು ಎಂದು ಕರೆದರು.

ಬೆನೆಡಿಕ್ಟೈನ್, ಡೊಮಿನಿಕನ್ ಸನ್ಯಾಸಿಗಳು ಹಳೆಯ ಪಾಠವನ್ನೇ ಉಳಿಸಿಕೊಂಡರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1971ರ ಪ್ರಾರ್ಥನಾ ಗ್ರಂಥದಲ್ಲಿ ಅದು ಎಲ್ಲರಿಗೂ ಮರಳಿ ಸಿಕ್ಕಿತು.

ನ್ಯಾಯ ಸಿಕ್ಕಿತು ಎನ್ನೋಣವೇ? ನಡುವಿನ ಮುನ್ನೂರು ಚಿಲ್ಲರೆ ವರ್ಷ 'ಕ್ರೆಯಾಟೊರ್' ಎಂದು ಹಾಡುತ್ತಲೇ ಬಾಳಿದವರಿಗೆ, ಸತ್ತವರಿಗೆ, ಅದೇ ನಿಜವಾದ ಪಾಠವಾಗಿತ್ತು. ಹಳೆಯದನ್ನು ಮರಳಿ ತರುವುದೂ ಯಾರದೋ ಬಾಯಿಂದ ಹಾಡು ಕಿತ್ತುಕೊಂಡಂತೆಯೇ.

ಆದ್ದರಿಂದ ತಿದ್ದಲೇಬಾರದು ಎಂದು ನಾನು ಹೇಳಲಾರೆ. ತಿದ್ದುವವನಿಗೆ ಒಂದು ಋಣವಿದೆ ಎನ್ನಬಲ್ಲೆ: ತಾನು ತೆಗೆದದ್ದನ್ನು ಮುಂದಿನವರ ಕೈಗೆ ಸಿಗುವಂತೆ ಇಟ್ಟು ಹೋಗುವುದು. ತಪ್ಪಿದ್ದು ಹಾಡೋ ತಾನೋ ಎಂದು ತೀರ್ಮಾನಿಸಬೇಕಾದವರು ಅವರು.